ಎಲುಬಿನ ಎಂಟು ಸ್ಕ್ರೂ

ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ಇಟ್ಟುಕೊಂಡಿರುವ ಭರಮಣ್ಣನಿಗೆ ಜನ ಇಟ್ಟ ಹೆಸರು ಮೂಗಿನ ಭರಮಣ್ಣ. ಮೂಗೇನೂ ಉದ್ದವಿರಲಿಲ್ಲ, ಅದರ ಕೆಲಸ ದೊಡ್ಡದಿತ್ತು. ಬೋರ್‌ವೆಲ್ಲಿನ ಮೋಟಾರನ್ನು ಟ್ರ್ಯಾಕ್ಟರಿನಿಂದ ಇಳಿಸುವ ಮೊದಲೇ ಹತ್ತಿರ ಹೋಗಿ ಒಮ್ಮೆ ಮೂಸಿ, "ಕಾಯಿಲ್ ಸುಟ್ಟಿಲ್ಲ, ಬೇರಿಂಗ್ ಹೋಗೈತಿ, ಸುಮ್ನ ಗಾಬರಿ ಆಗಬ್ಯಾಡ್ರಿ" ಅನ್ನುತ್ತಿದ್ದ. ಬಿಚ್ಚಿದರೆ ಬೇರಿಂಗೇ ಹೋಗಿರುತ್ತಿತ್ತು. ಹದಿನಾರನೆಯ ವಯಸ್ಸಿಗೆ ಹುಟ್ಟೂರು ಹಲಗೇರಿ ಬಿಟ್ಟು ಹತ್ತಿ ಬಿಡಿಸುವ ಜಿನ್ನಿನ ವರ್ಕ್‌ಶಾಪು ಸೇರಿದಾಗ ಉಸ್ತಾದ ನಬಿಸಾಬ ಅವನಿಗೆ ಕಲಿಸಿದ ಮೊದಲ ಪಾಠ ಅದೇ. "ಕಬ್ಬಿಣಕ್ಕ ಬಾಯಿಲ್ಲ ತಮ್ಮಾ, ಬ್ಯಾನಿ ಆದಾಗ ವಾಸನಿ ಬಿಡತೈತಿ. ಮೂಗು ಎಚ್ಚರ ಇರಲಿ." ನಲವತ್ತು ವರ್ಷ ಆ ಮೂಗು ಎಚ್ಚರವಿತ್ತು.

ಕೊರೊನಾ ಎರಡನೆಯ ಸಲ ಬಂದಾಗ ಭರಮಣ್ಣ ಹದಿಮೂರು ದಿನ ಹಾಸಿಗೆ ಹಿಡಿದ. ಜೀವ ಉಳಿಯಿತು, ಮೂಗು ಹೋಯಿತು. ಇಂದು ಬಂದೀತು, ನಾಳೆ ಬಂದೀತು ಎಂದು ಕಾದ. ಬರಲಿಲ್ಲ. ಒಂದು ದಿನ ಹಳಸಿದ ಬದನೆಕಾಯಿ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು, "ಇವತ್ತ ಭಾಳ ಚಲೋ ಆಗೈತಿ" ಎಂದಾಗ ಹೆಂಡತಿ ದೇವವ್ವನಿಗೆ ತಿಳಿಯಿತು. ಅವಳು ನಗಲಿಲ್ಲ, ಅಳಲೂ ಇಲ್ಲ. ಗಂಗಾಳ ಎತ್ತಿಕೊಂಡು ಹೋಗಿ ಪಲ್ಯವನ್ನು ತಿಪ್ಪೆಗೆ ಸುರಿದು ಬಂದಳು. ಗಂಡ ಹೆಂಡತಿ ಇಬ್ಬರೂ ಆ ವಿಷಯವನ್ನು ಮನೆಯ ಹೊಸ್ತಿಲು ದಾಟಗೊಡಲಿಲ್ಲ. ದೃಷ್ಟಿ ಮಂಜಾದವನು ಕನ್ನಡಕ ಹಾಕಬಹುದು. ಮೂಗು ಹೋದ ಮೂಗಿನ ಭರಮಣ್ಣ ಏನು ಹಾಕಿಕೊಳ್ಳಬೇಕು ಹೇಳಿ?

ಹೀಗಿರುವಾಗ ಹಾವೇರಿಯ ದನದ ಡಾಕ್ಟರು ನಂದಿತಾ ಒಂದು ಊಟದ ಡಬ್ಬಿ ಹಿಡಿದುಕೊಂಡು ಮನೆಗೆ ಅಂಟಿಕೊಂಡ ಲೇಥಿನ ಶೆಡ್ಡಿಗೆ ಬಂದಳು. ಮೂವತ್ತೈದರ ಹೆಣ್ಣುಮಗಳು, ಮಾತು ಚುರುಕು. ಡಬ್ಬಿ ತೆಗೆದರೆ ಒಳಗೆ ಊಟವಿಲ್ಲ, ಕೋಣದ ಕಾಲಿನ ಎಲುಬು.

"ಇದರಾಗ ಸ್ಕ್ರೂ ಮಾಡಿ ಕೊಡ್ತೀರೇನ್ರಿ? ಹುಬ್ಬಳ್ಳಿಯೊಳಗ ಕೇಳಿದ್ನಿ, ನಕ್ಕು ಕಳಿಸಿದ್ರು."

ಭರಮಣ್ಣನಿಗೂ ನಗು ಬಂದಿತ್ತು. ಆದರೆ ಆಕೆ ಎಣ್ಣೆ ಡಬ್ಬಿಯ ಮೇಲೆ ಕೂತು ವಿವರಿಸಿದಳು. ದನದ ಕಾಲು ಮುರಿದರೆ ಉಕ್ಕಿನ ಸ್ಕ್ರೂ ಹಾಕಿ ಮುರಿದದ್ದನ್ನು ಬಿಗಿಯಬಹುದು. ಆದರೆ ಎಲುಬು ಕೂಡಿದ ಮೇಲೆ ಮತ್ತೆ ಕೊಯ್ದು ಅದನ್ನು ತೆಗೆಯಬೇಕು, ರೈತ ಎರಡನೆಯ ಸಲ ಬರುವುದೇ ಇಲ್ಲ. ಎಲುಬಿನದೇ ಸ್ಕ್ರೂ ಹಾಕಿದರೆ ಅದು ಒಳಗೇ ನಿಧಾನ ಕರಗಿ ಎಲುಬಾಗಿಬಿಡುತ್ತದೆ. ಬೇರೆ ಕಡೆ ಮಾಡಿದ್ದಾರೆ, ನಮ್ಮ ಕಡೆ ಯಾಕಾಗಬಾರದು?

ಭರಮಣ್ಣ ಒಪ್ಪಿದ. ಅವನ ಕೆಲಸ ಆಗ ಇಳಿಜಾರಿನಲ್ಲಿತ್ತು. ಬುಶ್ಶು, ಶಾಫ್ಟು ಎಲ್ಲ ಅಂಗಡಿಯಲ್ಲೇ ತಯಾರು ಸಿಗುವ ಕಾಲ; ಕೆಟ್ಟದ್ದನ್ನು ತಿದ್ದಿಸುವವರಿಗಿಂತ ಬಿಸಾಕುವವರೇ ಹೆಚ್ಚು. ಹಾಗಾಗಿ ಎಲುಬು ಕೈಗೆ ಬಂದಾಗ ಅವನಿಗೆ ಹೊಸದಾಗಿ ಕೆಲಸ ಕಲಿಯಲು ಕೂತಂತೆ ಹುರುಪಾಯಿತು. ಮಾಂಸದ ಅಂಗಡಿಯ ಫಕ್ರುದ್ದೀನ ನಾಲ್ಕೈದು ವರ್ಷದ ಕೋಣದ ಎಲುಬು ಆರಿಸಿ ಎತ್ತಿಡುತ್ತಿದ್ದ. ಅದರ ಎರಡೂ ತುದಿ ಕೊಯ್ದು, ಮಜ್ಜೆ ತೆಗೆದು, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಜಿಡ್ಡು ಬಿಡಿಸಿ, ನಾರಿನ ಗುಂಟ ಉದ್ದಕ್ಕೆ ಸೀಳಿ ಕಡ್ಡಿ ಮಾಡಬೇಕು. ಆ ಕಡ್ಡಿಯನ್ನು ಲೇಥಿಗೆ ಕಟ್ಟಿ ನಿಧಾನ ತಿರುಗಿಸುತ್ತಾ ಕೂದಲೆಳೆಯಷ್ಟೇ ಹೆರೆಯುತ್ತಾ ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಕೊರೆಯಬೇಕು. ಎಣ್ಣೆ ಸೋಕಿಸುವಂತಿಲ್ಲ. ನೀರೂ ಹೆಚ್ಚಾದರೆ ಎಲುಬು ಉಬ್ಬಿ ಅಳತೆ ತಪ್ಪುತ್ತದೆ, ಹನಿ ಹನಿಯೇ ಬೀಳಬೇಕು.

ಎಲ್ಲ ಹೇಳಿ ಎದ್ದು ಹೊರಡುವಾಗ ನಂದಿತಾ ಇನ್ನೊಂದು ಮಾತು ಹೇಳಿದಳು.

"ಬಿಸಿ ಆಗಬಾರದು, ಇದೊಂದು ಮರೀಬ್ಯಾಡ್ರಿ. ಸುಟ್ಟ ಎಲುಬು ಕಣ್ಣಿಗೆ ಗೊತ್ತಾಗೂದಿಲ್ಲ, ಪಾಲಿಶ್ ಮಾಡಿದ ಮ್ಯಾಲಂತೂ ಎಲ್ಲಾ ಬೆಳ್ಳಗ ಒಂದ ಥರಾ ಕಾಣತದ. ಆದ್ರ ಸುಡುವಾಗ ವಾಸನಿ ಬರತದ. ಬಂತಂದ್ರ ಆ ಸ್ಕ್ರೂ ಬಿಸಾಕ್ರಿ. ನಿಮ್ಮ ಮೂಗಿನ ಸುದ್ದಿ ಕೇಳೇ ನಾ ಇಲ್ಲಿಗೆ ಬಂದದ್ದು."

ಅಲ್ಲಿ, ಆ ಕ್ಷಣದಲ್ಲಿ ಬಾಯಿ ಬಿಡಬೇಕಿತ್ತು ಭರಮಣ್ಣ. ಬಿಡಲಿಲ್ಲ. ಹೂಂ ಎಂದು ತಲೆಯಾಡಿಸಿದ. ಹೆಸರು ಕೇಳಿ ಬಂದವರ ಮುಂದೆ ಹೆಸರು ಸತ್ತಿದೆ ಎಂದು ಹೇಳಲು ಗಂಡಸಿಗೆ ಎಷ್ಟು ಕಷ್ಟವೋ, ಅದರಿಂದ ಆಗುವ ಅನಾಹುತ ಅದರ ಹತ್ತರಷ್ಟು. ಎಂಟು ತಿಂಗಳು ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ಬಿಸಿ ನೋಡುತ್ತಾ ನಡೆಸಿದ. ಪರೀಕ್ಷೆಗೆಂದು ಕೊಟ್ಟವುಗಳಲ್ಲಿ ಕೆಲವು ಭಾರ ಹಾಕಿದಾಗ ಮುರಿದವು. ಎಲುಬೆಲ್ಲ ಒಂದೇ ಥರ ಇರುವುದಿಲ್ಲವಲ್ಲ ಎಂದು ಡಾಕ್ಟರು ಬರೆದುಕೊಂಡಳು. ಜೀವವಿರುವ ಪ್ರಾಣಿಗೆ ಇನ್ನೂ ಒಂದನ್ನೂ ಹಾಕಿರಲಿಲ್ಲ.

ಈ ಎಂಟು ತಿಂಗಳೂ ದೇವವ್ವ ಆ ಶೆಡ್ಡಿಗೆ ಕಾಲಿಡಲಿಲ್ಲ. ದೇವರಗುಡ್ಡದ ಮೈಲಾರಲಿಂಗನ ಒಕ್ಕಲು ಅವಳದು. ಭಾನುವಾರ ಮಡಿ, ದಿನಾ ಹಣೆಗೆ ಭಂಡಾರದ ಅರಿಶಿನ. ಗಂಡ ಹಿತ್ತಲಲ್ಲೇ ಮೈ ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ಒಳಗೆ ಬಿಡುತ್ತಿದ್ದಳು. "ಹೋಗಿ ಹೋಗಿ ಸತ್ತದ್ದರ ಎಲುಬು ಹೆರಿಯಾಕ ಕುಂತೀರಲ್ಲ, ನಿಮಗ ಬ್ಯಾರೆ ಧಂದೆ ಸಿಗಲಿಲ್ಲೇನು?" ಎಂದು ದಿನಕ್ಕೊಮ್ಮೆಯಾದರೂ ಅನ್ನದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅವಳ ಜೀವವೆಲ್ಲ ಚಂದ್ರಿಯ ಮೇಲಿತ್ತು. ಚಂದ್ರಿ ಎಂದರೆ ಎರಡು ವರ್ಷದ, ಇನ್ನೂ ಕರು ಹಾಕದ ಎಮ್ಮೆಯ ಮಣಕ, ಹಣೆಯ ಮೇಲೆ ಬಿಳಿ ಬೊಟ್ಟು. ಹುಟ್ಟಿದ ಮೂರನೆಯ ದಿನ ತಾಯಿ ಸತ್ತಾಗ ದೇವವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಮಗಳು ಮೀನಾಕ್ಷಿ ಗುತ್ತಲಕ್ಕೆ ಮದುವೆಯಾಗಿ ಹೋದ ವರ್ಷವೇ ಹುಟ್ಟಿದ್ದು ಅದು. ದೇವವ್ವನ ಅಂಗೈಯಲ್ಲಿ ಏನಿದ್ದರೂ ನೆಕ್ಕುವ ಚಟ. ಉಪ್ಪು, ಹಿಟ್ಟು, ಭಂಡಾರ, ಯಾವುದೂ ಆದೀತು.

ಒಂದು ಸೋಮವಾರ ಮುಂಜಾನೆ ಗೋವಿನಜೋಳ ಹೇರಿಕೊಂಡು ಬಂದ ಟ್ರ್ಯಾಲಿ ಚಂದ್ರಿಯನ್ನು ರಸ್ತೆಯಂಚಿಗೆ ಒತ್ತಿತು. ಹಿಂಗಾಲಿನ ಎಲುಬು ಓರೆಯಾಗಿ ಸೀಳಿಬಿಟ್ಟಿತ್ತು. ಗಾಡಿಯಲ್ಲಿ ಹಾಕಿಕೊಂಡು ಹಾವೇರಿಗೆ ಒಯ್ದರು. ನಂದಿತಾ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದಳು.

"ಪಟ್ಟಿ ಕಟ್ಟಿದ್ರ ಸಾಲೂದಿಲ್ಲ. ಸ್ಕ್ರೂ ಹಾಕಬೇಕು. ಇಷ್ಟು ದೊಡ್ಡ ಜೀವಕ್ಕ ಆಗುವಂಥ ಉಕ್ಕಿನ ಸ್ಕ್ರೂ ತರಿಸಾಕ ಹತ್ತು ದಿನ ಬೇಕು. ಶುಕ್ರವಾರದೊಳಗ ಮಾಡಲಿಲ್ಲಂದ್ರ ಕಾಲು ಉಳಿಯೂದಿಲ್ಲ. ಕಾಲು ಉಳಿಲಿಲ್ಲಂದ್ರ…" ಭರಮಣ್ಣನ ಕಡೆ ತಿರುಗಿ, "ನೀವು ಎಂಟು ಸ್ಕ್ರೂ ಕೊಟ್ರ ಹಾಕೂನು. ಮೊದಲನೇದು ನಿಮ್ಮದೇ ಮನೀದಾಗತದ" ಎಂದಳು.

ಚಂದ್ರಿಯನ್ನು ದವಾಖಾನೆಯಲ್ಲೇ ಬಿಟ್ಟು ಮನೆಗೆ ಮರಳಿದಾಗ ಪಕ್ಕದ ಮನೆಯ ಜಯವ್ವ ಬಂದು, "ಕಾಲು ಮುರಿದ ಎಮ್ಮಿ ಇಟ್ಕೊಂಡು ಏನ್ ಮಾಡ್ತೀಯವ್ವಾ, ಫಕ್ರುದ್ದೀನಗ ಕೊಟ್ಟುಬಿಡು" ಎಂದದ್ದಕ್ಕೆ ದೇವವ್ವ ಅವಳಿಗೆ ತಿರುಗಿ ನಾಲ್ಕು ಮಾತು ಬಿಟ್ಟಳು, ಆ ನಾಲ್ಕನ್ನೂ ಇಲ್ಲಿ ಬರೆಯುವಂತಿಲ್ಲ. ಅದೇ ಸಂಜೆ ಫಕ್ರುದ್ದೀನನೇ ಒಂದು ಎಲುಬು ತಂದು ಹಿತ್ತಲ ಕಟ್ಟೆಯ ಮೇಲಿಟ್ಟು, "ಅಕ್ಕಾ, ನಿಮ್ಮ ಚಂದ್ರಿ ಸಲುವಾಗಿ ಆರಿಸೇನಿ, ಕಲ್ಲಿನಂಥಾದು ಐತಿ" ಎಂದು ಹೇಳಿ ಹೋದ.

ಮರುದಿನ ಭರಮಣ್ಣ ಲೇಥಿನ ಮುಂದೆ ನಿಂತ. ಕೈ ಏಳಲಿಲ್ಲ. ಇಷ್ಟು ದಿನ ಮುರಿದರೆ ಸ್ಕ್ರೂ ಮುರಿಯುತ್ತಿತ್ತು, ಅಷ್ಟೇ. ಈಗ ಮುರಿದರೆ ಚಂದ್ರಿ. ಅರ್ಧ ಗಂಟೆ ನಿಂತು, ಕೊನೆಗೆ ಹಿತ್ತಲಿಗೆ ಬಂದು ಹೆಂಡತಿಗೆ ಹೇಳಿದ:

"ನನ್ನ ಮೂಗು ಇಲ್ಲ. ನಿನ್ನ ಮೂಗು ಬೇಕು. ನನ್ನ ಹತ್ರ ಬಂದು ಕುಂದ್ರು. ಸುಟ್ಟ ವಾಸನಿ ಬಂತಂದ್ರ ಹೇಳು, ಮುಗೀತು."

ದೇವವ್ವನ ಮೂಗು ಸಾಮಾನ್ಯದ್ದಲ್ಲ. ಬ್ಯಾಡಗಿಯ ಹುಡುಗಿ. ಹನ್ನೆರಡನೆಯ ವಯಸ್ಸಿನಿಂದ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು, ಮದುವೆಯಾದ ಮೇಲೂ ಸುಗ್ಗಿ ಬಂತೆಂದರೆ ಬಸ್ಸು ಹತ್ತಿ ಹೋಗುವವಳು. ಹಿಡಿ ಕಾಯಿ ಮೂಸಿ ಹೊಸದು ಯಾವುದು, ತಣ್ಣನೆಯ ಗೋದಾಮಿನಲ್ಲಿಟ್ಟ ಹಳೆಯದು ಯಾವುದು ಎಂದು ಹೇಳುತ್ತಿದ್ದಳು. ಭರಮಣ್ಣ ಅವಳನ್ನು ಮೊದಲು ನೋಡಿದ್ದೇ ಅಲ್ಲಿ, ಕೆಂಪು ರಾಶಿಯ ಮುಂದೆ, ಮೂಗು ಬಾಯಿ ಸುತ್ತಿ ಸೆರಗು ಬಿಗಿದುಕೊಂಡು ಕೂತವಳನ್ನು. ಎರಡು ಕಣ್ಣು ಬಿಟ್ಟರೆ ಏನೂ ಕಂಡಿರಲಿಲ್ಲ. ಎರಡು ಕಣ್ಣು ನೋಡಿಯೇ ಹೂಂ ಅಂದಿದ್ದ.

ಅವಳು ಬಂದಳು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಮೈಲಾರಲಿಂಗನನ್ನು ನೆನೆದು, "ಎಮ್ಮಿ ಎಲುಬು ಎಮ್ಮಿಗೇ ಹೋಗಾಕತ್ತೈತಿ, ಸಿಟ್ಟಾಗಬ್ಯಾಡಪಾ" ಎಂದು ಕೈ ಮುಗಿದು ಒಳಗೆ ಕಾಲಿಟ್ಟಳು. ಎಣ್ಣೆ ಡಬ್ಬಿಯನ್ನು ಲೇಥಿನ ಬಗಲಿಗೆ ಎಳೆದುಕೊಂಡು ಕೂತಳು. ಸೆರಗನ್ನು ಮೂಗಿಗೆ ಬಾಯಿಗೆ ಸುತ್ತಿ ಹಿಂದೆ ಸಿಕ್ಕಿಸಿಕೊಂಡಳು. ಭರಮಣ್ಣನಿಗೆ ಏನೂ ಅನ್ನಿಸಲಿಲ್ಲ. ಕೆಲಸಕ್ಕೆ ಕೂತ ದೇವವ್ವ ಅವನ ಕಣ್ಣಿಗೆ ಮೂವತ್ತೈದು ವರ್ಷದಿಂದ ಹಾಗೆಯೇ ಇದ್ದಳು.

ಮಂಗಳವಾರ ನಾಲ್ಕು ಸ್ಕ್ರೂ ಆದವು. ಬುಧವಾರ ಮಧ್ಯಾಹ್ನದೊಳಗೆ ಐದನೆಯದು. ಪ್ರತಿ ಸಲ ಮರೆ ಕೊರೆದು ಉಳಿ ಹಿಂದಕ್ಕೆ ತೆಗೆದಾಗ ಅವನು ಕೇಳುತ್ತಿದ್ದ, "ಏನರ ಬಂತೇನ?" ಅವಳು ತಲೆ ಅಲ್ಲಾಡಿಸುತ್ತಿದ್ದಳು. ಆರನೆಯದರ ಹೊತ್ತಿಗೆ ಉಳಿ ಸ್ವಲ್ಪ ಮೊಂಡಾಗಿತ್ತು, ಸಾಣೆ ಹಿಡಿಯಲು ಬಿಚ್ಚಿದರೆ ಅಳತೆ ತಪ್ಪೀತೆಂಬ ಹೆದರಿಕೆ. ಹಾಗೇ ನಡೆಸಿದ. ನಡುವೆ ದೇವವ್ವ ಕಣ್ಣು ಕಿರಿದು ಮಾಡಿ, ಸೆರಗಿನ ಗಂಟನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು. ಎಲುಬಿನ ಹುಡಿಗೆ ಹೇಸುತ್ತಿದ್ದಾಳೆ ಪಾಪ ಎಂದು ಅವನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು.

"ಏನರ ಬಂತೇನ?"

"ಏನಿಲ್ಲ. ನೀವು ಮಾಡ್ರಿ."

ಗುರುವಾರ ಮುಂಜಾನೆ ಎಂಟೂ ಸ್ಕ್ರೂಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹಾವೇರಿ ಬಸ್ಸು ಹತ್ತಿದ. ಡಾಕ್ಟರು ಅವನ್ನು ಗ್ಯಾಸಿನ ಯಂತ್ರದಲ್ಲಿಟ್ಟು ಶುದ್ಧ ಮಾಡಿ, ಶುಕ್ರವಾರ ಹಾಕಿದಳು. ಎರಡೂವರೆ ತಾಸು ಹಿಡಿಯಿತು. ಭರಮಣ್ಣ ದವಾಖಾನೆಯ ಬೇವಿನ ಮರದ ಕೆಳಗೆ ಕೂತು ತನ್ನ ಬೆರಳುಗಳನ್ನೇ ನೋಡುತ್ತಿದ್ದ.

ನಾಲ್ಕನೆಯ ದಿನ ದವಾಖಾನೆಯ ಅಂಗಳದಲ್ಲೇ ಚಂದ್ರಿ ಎದ್ದು ನಿಂತಿತು. ನಿಂತದ್ದಷ್ಟೇ ಅಲ್ಲ, ದೇವವ್ವನ ಅಂಗೈ ಹುಡುಕಿ ನೆಕ್ಕಿತು. ನಂದಿತಾ ಮೊಬೈಲಿನಲ್ಲಿ ಪಟ ತೆಗೆದಳು. ದೇವವ್ವ ಎಮ್ಮೆಯ ಹಣೆಗೂ ಗಂಡನ ಹಣೆಗೂ ಕೊನೆಗೆ ಡಾಕ್ಟರ ಹಣೆಗೂ ಭಂಡಾರ ಬಳಿದಳು. ಆ ವಾರ ಭರಮಣ್ಣ ಮನುಷ್ಯನಾಗಿ ಬದುಕಿದ. ಎಂಟು ತಿಂಗಳ ಸುಳ್ಳು ಎದೆಯಿಂದ ಇಳಿದು ಹೋಯಿತು ಎಂದುಕೊಂಡ. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಬೇಕಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಹುಲ್ಲಿನ ಹೊರೆ ಕಂಡು ಚಂದ್ರಿ ಏಳಲು ಹೋಯಿತು. ಹಸಿ ಟೊಂಗೆ ಮುರಿದಂತೆ ಸದ್ದಾಯಿತು. ಅಷ್ಟೇ. ಎಲುಬಿನ ಚೂಪು ಚರ್ಮ ಸೀಳಿ ಹೊರಗೆ ಬಂದಿತ್ತು, ಗೊರಸಿನವರೆಗೆ ಕಾಲು ತಣ್ಣಗಾಗುತ್ತಿತ್ತು. ನಂದಿತಾ ಮಧ್ಯಾಹ್ನದವರೆಗೆ ಒದ್ದಾಡಿದಳು. ಆಮೇಲೆ ದೇವವ್ವನ ಭುಜದ ಮೇಲೆ ಕೈಯಿಟ್ಟು, "ಅವ್ವಾ, ನೋವು ತಿನಸೂದು ಬ್ಯಾಡ" ಎಂದಳು.

ಸೂಜಿ ಚುಚ್ಚುವಾಗ ದೇವವ್ವ ಚಂದ್ರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚಂದ್ರಿ ಅವಳ ಅಂಗೈಯ ಬೆವರನ್ನು ನೆಕ್ಕುತ್ತಾ ನೆಕ್ಕುತ್ತಾ ನಿಲ್ಲಿಸಿತು. ನಾಲಿಗೆ ಅಂಗೈ ಮೇಲೆ ಹಾಗೇ ಉಳಿಯಿತು. ದೇವವ್ವ ಕೈ ತೆಗೆಯಲಿಲ್ಲ; ತೆಗೆಸಲು ಭರಮಣ್ಣನಿಗೆ ಧೈರ್ಯ ಬರಲಿಲ್ಲ.

ಸಂಜೆ ಡಾಕ್ಟರ ಕೋಣೆಯಲ್ಲಿ ಮೂವರೂ ಕೂತರು. ಮೇಜಿನ ಮೇಲೆ ಉಕ್ಕಿನ ತಟ್ಟೆ. ಕಾಲಿನಿಂದ ತೆಗೆದ ಎಂಟು ಸ್ಕ್ರೂ ಅದರಲ್ಲಿದ್ದವು. ಐದು ಇಡಿಯಾಗಿದ್ದವು, ಮೂರು ಕುತ್ತಿಗೆಯಲ್ಲಿ ಮುರಿದಿದ್ದವು. ನಂದಿತಾಳ ಕಣ್ಣು ಕೆಂಪಗಾಗಿದ್ದವು.

"ತಪ್ಪು ನಂದು. ಎಲುಬಿನ ಸ್ಕ್ರೂ ಇಷ್ಟು ಭಾರ ತಡಿಯೂದಿಲ್ಲ ಅಂತ ಈಗ ತಿಳೀತು. ನಿಮ್ಮ ಕೆಲಸದಾಗ ಕೊರತಿ ಇಲ್ರಿ ಭರಮಣ್ಣ. ಇದನ್ನ ಇಲ್ಲಿಗೇ ಬಿಡೂನು. ಇನ್ನೊಬ್ಬರ ಜೀವದ ಮ್ಯಾಲೆ ಇದನ್ನ ನಾ ಮಾಡೂದಿಲ್ಲ."

ಭರಮಣ್ಣ ಮುರಿದ ಒಂದು ತುಂಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಮುರಿದ ಮುಖ ಸುಣ್ಣದ ಕಡ್ಡಿಯಂತೆ ಸಪಾಟಾಗಿತ್ತು. ಒಳ್ಳೆಯ ಎಲುಬು ಹಾಗೆ ಮುರಿಯುವುದಿಲ್ಲ, ಬಿದಿರಿನಂತೆ ಸಿಬಿರು ಬಿಟ್ಟು ಹರಿಯುತ್ತದೆ. ಇದು ಸುಟ್ಟಿತ್ತು. ಮೂರೂ ಸುಟ್ಟಿದ್ದವು. ನಲವತ್ತು ವರ್ಷದ ಕಸುಬು ಅದನ್ನು ಅವನಿಗೆ ಕೂಗಿ ಹೇಳುತ್ತಿತ್ತು, ಪಕ್ಕದಲ್ಲಿ ಹೆಂಡತಿ ಬರಿ ಅಂಗೈ ನೋಡುತ್ತಾ ಕೂತಿದ್ದಳು. ಸುಮ್ಮನಿದ್ದರೆ ತಪ್ಪೆಲ್ಲ ಈ ಹೆಣ್ಣುಮಗಳ ತಲೆಗೆ, ಆಗಬಹುದಾದ ಒಂದು ಒಳ್ಳೆಯ ಕೆಲಸ ಇಲ್ಲಿಗೇ ಮಣ್ಣಾಗುತ್ತದೆ. ಬಾಯಿ ಬಿಟ್ಟರೆ ಚಂದ್ರಿಯ ಸಾವನ್ನೇ ದೇವವ್ವನ ಕೈಗೆ ಕೊಟ್ಟಂತಾಗುವುದಿಲ್ಲವೇ? ಭರಮಣ್ಣನಿಗೆ ಅವತ್ತು ಸತ್ತರೆ ಚೆನ್ನಾಗಿತ್ತು ಅನ್ನಿಸಿತು. ಸಾಯಲಿಕ್ಕಾಗದ್ದಕ್ಕೆ ಮಾತಾಡಿದ.

"ಡಾಕ್ಟರ, ನನಗ ವಾಸನಿ ಬರೂದಿಲ್ರಿ. ಕೊರೊನಾದಾಗ ಹೋಗೈತಿ. ನಿಮಗ ಮುಚ್ಚಿಟ್ಟೆ. ಈ ಮೂರೂ ಸುಟ್ಟಾವು. ಎಲುಬಿಂದಲ್ಲ ತಪ್ಪು, ನಿಮ್ಮದೂ ಅಲ್ಲ. ನಂದು."

ನಂದಿತಾ ಮುರಿದ ತುಂಡನ್ನು ಅವನ ಕೈಯಿಂದ ಇಸಿದುಕೊಂಡಳು. ಬೈದಿದ್ದರೆ ಹಗುರಾಗುತ್ತಿತ್ತು. "ಹಂಗಾದ್ರ ವಾಸನಿ ಯಾರು ನೋಡಿದ್ರು?" ಎಂದಳು.

"ಯಾರೂ ಇಲ್ರಿ. ನಾ ಒಬ್ನ."

"ಸುಳ್ಳು ಹೇಳಬ್ಯಾಡ್ರಿ," ದೇವವ್ವ ಮೊದಲ ಸಲ ತಲೆಯೆತ್ತಿದಳು. "ನಾ ಕುಂತಿದ್ನಿ. ಎರಡು ದಿನ, ಮಗ್ಗಲಾಗ. ಏನೂ ವಾಸನಿ ಬರಲಿಲ್ಲವ್ವಾ."

ನಂದಿತಾ ಏನೋ ಕೇಳಲು ಮೇಜಿನ ಮೇಲೆ ಬಾಗಿದವಳು ಹಾಗೇ ನಿಂತಳು. ಮೂಗನ್ನು ಒಂದಿಷ್ಟು ಮುಂದೆ ಮಾಡಿದಳು.

"ಅವ್ವಾ, ಇದು ಕರ್ಪೂರದ ವಾಸನಿ ಎಲ್ಲಿಂದ ಬರಾಕತ್ತದ?"

"ನನ್ನ ಸೆರಗಿಂದು." ದೇವವ್ವ ಸೆರಗಿನ ತುದಿಯ ಸಣ್ಣ ಗಂಟು ತೋರಿಸಿದಳು. "ಬ್ಯಾಡಗಿಯೊಳಗ ಮೆಣಸಿನಕಾಯಿ ಘಾಟಿಗೆ ಎಲ್ಲಾರೂ ಮೂಗು ಕಟ್ಟತಾರ. ನಮ್ಮವ್ವ ಕರ್ಪೂರ ಹಾಕಿ ಕಟ್ಟೂದು ಕಲಿಸಿದ್ಲು. ಕೆಲಸಕ್ಕ ಕುಂತಾಗ ಹಿಂಗ…"

ಅವಳು ಸೆರಗನ್ನು ಮೂಗಿಗೆ ಸುತ್ತಿ ತೋರಿಸಲು ಹೋದಳು. ಅರ್ಧಕ್ಕೆ ಬಂದ ಕೈ ನಿಂತಿತು. ಎರಡು ದಿನ ಒಂದು ಮೊಳದ ಅಂತರದಲ್ಲಿ ಕರ್ಪೂರ ಘಮ್ಮೆನ್ನುತ್ತಿದ್ದಿರಬೇಕು. ಭರಮಣ್ಣನ ಮೂಗಿಗೆ ಅದೂ ತಿಳಿದಿರಲಿಲ್ಲ. ಬ್ಯಾಡಗಿಯಲ್ಲಿ ಮೂಗು ಕಟ್ಟದೆ ಕೆಲಸಕ್ಕೆ ಕೂತವಳನ್ನು ಹುಚ್ಚಿ ಅನ್ನುತ್ತಾರೆ. ಮೂಗೇ ಕೆಲಸವಾದಾಗ ಅದನ್ನು ಬಿಚ್ಚಬೇಕೆಂದು ಹೇಳುವವರು ಯಾರೂ ಇರಲಿಲ್ಲ, ಹೇಳಬೇಕಾದವನಿಗೂ ಹೊಳೆಯಲಿಲ್ಲ.

ರಾಣೆಬೆನ್ನೂರಿಗೆ ವಾಪಸಾಗಲು ಇಬ್ಬರೂ ಬಸ್ಸು ಹತ್ತಿದರು. ಮೋಟೆಬೆನ್ನೂರು ದಾಟಿದ ಮೇಲೆ ದೇವವ್ವ ಸೆರಗಿನ ಗಂಟು ಬಿಚ್ಚಿ ಕರ್ಪೂರವನ್ನು ಕಿಟಕಿಯಿಂದ ಹೊರಗೆ ಒಗೆದಳು.

ಮೂರು ವಾರ ಲೇಥ್ ತಿರುಗಲಿಲ್ಲ. ದನದ ಕೊಟ್ಟಿಗೆಯ ಕಡೆ ಇಬ್ಬರೂ ಹೋಗುತ್ತಿರಲಿಲ್ಲ. ಚಂದ್ರಿಗೆ ಹಾಲು ಕುಡಿಸಿದ ಬಾಟಲಿಯನ್ನು ಯಾರು ಎಲ್ಲಿ ಎತ್ತಿಟ್ಟರೋ, ಕೇಳುವವರಿಲ್ಲ. ಆಮೇಲೆ ನಂದಿತಾ ಫೋನು ಮಾಡಿದಳು. ಗುತ್ತಲದ ಕಡೆಯ ಒಂದು ಹೋರಿಕರು, ಇನ್ನೂ ಹಾಲು ಬಿಟ್ಟಿಲ್ಲ, ಕಾಲು ಮುರಿದಿದೆ. ತೂಕ ಕಡಿಮೆ. ಐದು ಸ್ಕ್ರೂ ಗಟ್ಟಿ ನಿಂತದ್ದನ್ನು ಆಕೆ ಮರೆತಿರಲಿಲ್ಲ.

"ಆದ್ರ ಒಂದ ಮಾತು. ಮೂಗು ಯಾರದು?" ಎಂದು ಕೇಳಿದಳು.

ಭರಮಣ್ಣ ಆ ಪ್ರಶ್ನೆಯನ್ನು ಹೆಂಡತಿಗೆ ದಾಟಿಸಿದ. ಬಾಗಿಲಲ್ಲಿ ನಿಂತಿದ್ದ ದೇವವ್ವ, "ನಂದು ಅನ್ರಿ" ಎಂದಳು.

ಮೊದಲು ಒಂದು ಕಡ್ಡಿಯನ್ನು ಬೇಕೆಂದೇ ಸುಟ್ಟು ಅವರಿಗೆ ವಾಸನೆ ತೋರಿಸಿ ಎಂದು ಡಾಕ್ಟರು ಹೇಳಿದ್ದಳು. ಮರುದಿನ ಮುಂಜಾನೆ ದೇವವ್ವ ಅದೇ ಡಬ್ಬಿಯ ಮೇಲೆ ಬಂದು ಕೂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಶೆಡ್ಡಿನೊಳಗೆ ಅವಳ ಪೂರ್ತಿ ಮುಖವನ್ನು ಭರಮಣ್ಣ ಕಂಡದ್ದು ಅದೇ ಮೊದಲು. ಎಷ್ಟು ಸೊರಗಿದೆ ಎಂದು ಅವನಿಗೆ ಸಂಕಟವಾಯಿತು. ನೀರು ನಿಲ್ಲಿಸಿ, ಲೇಥಿನ ವೇಗ ಏರಿಸಿ, ಮೊಂಡು ಉಳಿಯನ್ನು ಕಡ್ಡಿಗೆ ಒತ್ತಿದ. ಸಣ್ಣಗೆ ಕಿರುಗುಟ್ಟಿತು. ಅವನಿಗೆ ಏನೂ ತಿಳಿಯಲಿಲ್ಲ. ಅವಳ ಮುಖ ನೋಡಿದ.

ದೇವವ್ವನ ಮೂಗಿನ ಹೊಳ್ಳೆ ಅರಳಿತು. ಆಮೇಲೆ ಮುಖದಿಂದ ರಕ್ತ ಇಳಿದು ಹೋಯಿತು. ಭರಮಣ್ಣ ಗಾಬರಿಯಾಗಿ ಯಂತ್ರ ಬಂದ್ ಮಾಡಿದ.

"ಬಂತೇನ?"

"ಈ ವಾಸನಿ ನನಗ ಗೊತ್ತೈತಿ," ಎಂದಳು ದೇವವ್ವ, ಬಹಳ ಸಣ್ಣ ದನಿಯಲ್ಲಿ. "ಅವತ್ತೂ ಬಂದಿತ್ತು. ಕರ್ಪೂರ ದಾಟಿ ಬಂದಿತ್ತರಿ. ಆರನೇದಕ್ಕ, ಏಳನೇದಕ್ಕ, ಎಂಟನೇದಕ್ಕ. ಜಯವ್ವ ಒಲಿಯಾಗ ಕೂದಲಾ ಗೀದಲಾ ಹಾಕ್ಯಾಳ ಅಂದ್ಕೊಂಡು ನಾ ಸೆರಗು ಬಿಗಿ ಮಾಡಿದ್ನಿ. ಬಿಗಿ ಮಾಡಿದ್ನಿ ನಾ!"

ಭರಮಣ್ಣ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳ ಕೈ ಹಿಡಿಯಲು ಹೋದ. ಅವಳು ಕೈ ಕೊಡಲಿಲ್ಲ. ಅಂಗೈಯನ್ನು ಮುಷ್ಟಿ ಮಾಡಿ ಮಡಿಲಲ್ಲಿಟ್ಟುಕೊಂಡು, ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ಒರೆಸಲು ಸೆರಗೆತ್ತಲಿಲ್ಲ.

"ಏಳ್ರಿ. ಇನ್ನೊಂದು ಕಡ್ಡಿ ಹಾಕ್ರಿ," ಎಂದಳು.